ಹಿಂದಿನ ಗಾಲಿಯ ಭಾರ

ರೋಹಿಣಿ ಮಳೆ ಹೋಗಿ ಮೃಗಶಿರ ಮಳೆ ಹಿಡಿಯಿತೆಂದರೆ ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ಒಕ್ಕಲಿಗನಿಗೆ ಎರಡು ಚಿಂತೆಗಳು ಒಟ್ಟಿಗೇ ಹುಟ್ಟುವವು. ಒಂದು ಬಿತ್ತಿಗೆಯದು, ಇನ್ನೊಂದು ದಾರಿಯದು. ಹಿಂದಕ್ಕೆ ಈ ಎರಡನ್ನೂ ಎತ್ತುಗಳೇ ನಿಭಾಯಿಸುತ್ತಿದ್ದವು. ಈಗ ಎತ್ತಿನ ಜೋಡಿಯನ್ನು ಸಾಕುವ ಮನೆಗಳು ಕಡಿಮೆಯಾಗಿ, ಅನೇಕ ಮನೆಗಳ ಮುಂದೆ ಪಿಕಪ್ ಎಂದು ಜನರು ಕರೆಯುವ ಚಿಕ್ಕ ಸರಕಿನ ಮೋಟಾರು ನಿಂತಿದೆ. ಬೀಜ ಗೊಬ್ಬರಗಳನ್ನು ಹೊಲಕ್ಕೆ ಒಯ್ಯುವದು, ತೊಗರಿಯ ಚೀಲಗಳನ್ನು ಕಲಬುರಗಿಯ ಪೇಟೆಗೆ ಮುಟ್ಟಿಸುವದು, ಶಹಾಬಾದದ ಕಲ್ಲನ್ನು ಮನೆ ಕಟ್ಟುವವರ ಬಾಗಿಲಿಗೆ ಇಳಿಸುವದು, ಇವೆಲ್ಲ ಅದರ ಕೆಲಸ. ಈ ಗಾಡಿಯ ಒಂದು ವಿಚಿತ್ರ ಸ್ವಭಾವವನ್ನು ಅದರ ಒಡೆಯರೆಲ್ಲರೂ ಬಲ್ಲರು. ಮೈತುಂಬ ಹೇರು ಹೊತ್ತು ರಾಡಿಯ ದಾರಿಯನ್ನು ದಾಟಿ ಹೋದ ಗಾಡಿ, ಸರಕನ್ನು ಇಳಿಸಿ ಬರಿದಾಗಿ ಹಿಂದಿರುಗುವಾಗ ಅದೇ ದಾರಿಯಲ್ಲಿ ಸಿಕ್ಕಿಕೊಳ್ಳುವದು. ಹೊರೆ ಇದ್ದಾಗ ಹೋದದ್ದು ಹೊರೆ ಇಲ್ಲದಾಗ ಏಕೆ ನಿಲ್ಲಬೇಕು? ಈ ತಿಂಗಳು ನಾವು ವಾಚಕರ ಮುಂದೆ ಇಡಬೇಕೆಂದಿರುವದು ಈ ಪ್ರಶ್ನೆಯನ್ನೇ. ಇದು ಬರಿಯ ಯಂತ್ರದ ಮಾತೆಂದು ನಮ್ಮ ಗೃಹಿಣಿಯರು ಪುಟವನ್ನು ತಿರುವದಿರಲಿ. ಮನೆಯ ಜನರ ಪ್ರಾಣಕ್ಕೆ ಸಂಬಂಧಿಸಿದ ಒಂದು ಸಂಗತಿಯೂ ಇದರೊಳಗೆ ಅಡಗಿದೆ.

ಈ ತೊಡಕು ನಮ್ಮ ಸೀಮೆಗೆ ಮಾತ್ರ ಬಂದುದಲ್ಲ. ಕೆನಡ, ಅಮೇರಿಕದ ಉತ್ತರ ಭಾಗ ಮೊದಲಾದ ಶೀತದೇಶಗಳಲ್ಲಿ ಚಳಿಗಾಲ ಬಂದೊಡನೆ ದಾರಿಗಳ ಮೇಲೆ ಹಿಮ ಬಿದ್ದು ಗಟ್ಟಿಯಾಗುವದು; ಅಲ್ಲಿಯ ಪಿಕಪ್ ಗಾಡಿಗಳವರು ಆ ದಿನಗಳಲ್ಲಿ ಗಾಡಿಯ ಹಿಂಭಾಗದಲ್ಲಿ ಉಸುಕಿನ ಚೀಲಗಳನ್ನು ಹೇರಿಕೊಂಡು ತಿರುಗುವರು. ನಮ್ಮ ಕಡೆಯ ಚಳಿಗಾಲವೆಂದರೆ ಒಣ ಕಾಲ. ಪುಷ್ಯಮಾಸದಲ್ಲಿ ತೊಗರಿಯ ರಾಶಿಯಾಗುವಾಗ ದಾರಿಯಲ್ಲಿ ಧೂಳಿರುವದೇ ಹೊರತು ಜಾರಿಕೆ ಇರುವದಿಲ್ಲ. ಅವರಿಗೆ ಹಿಮ ಮಾಡುವ ತೊಂದರೆಯನ್ನು ನಮಗೆ ಎರೆಯ ರಾಡಿ ಮಾಡುವದು. ಅವರ ಚಳಿಗಾಲದ ಸ್ಥಾನದಲ್ಲಿ ನಮ್ಮ ಮುಂಗಾರು ಹಿಂಗಾರುಗಳನ್ನು ಇಟ್ಟುಕೊಂಡರೆ ಸಾಕು. ಕಾರಣವೊಂದೇ ಆದುದರಿಂದ ಉಪಾಯವೂ ಬಹುಮಟ್ಟಿಗೆ ಒಂದೇ. ಆದರೆ ಹಿಮದ ಉಪಾಯವನ್ನು ರಾಡಿಗೆ ತರುವಾಗ ಎಲ್ಲಿ ಅದು ಸಲ್ಲುವದು, ಎಲ್ಲಿ ಸಲ್ಲದು ಎಂಬುದನ್ನು ವಿವೇಚಿಸಬೇಕು.

ಮೊದಲು ಕಾರಣವನ್ನು ನೋಡೋಣ. ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದವರಿಗೆ ಗುಣಗಳು ಇಪ್ಪತ್ತನಾಲ್ಕೆಂಬುದು ನೆನಪಿರಬಹುದು. ಅವುಗಳಲ್ಲಿ ಗುರುತ್ವವೊಂದು, ಸ್ನೇಹವೊಂದು. ವಸ್ತು ಮೊದಲು ಕೆಳಗೆ ಬೀಳುವದಕ್ಕೆ ಕಾರಣವಾದ ಗುಣವು ಗುರುತ್ವ; ಪುಡಿಯಾಗಿ ಬಿಡಿಬಿಡಿಯಾಗಿರುವದನ್ನು ಮುದ್ದೆಗಟ್ಟಿಸುವ, ನೀರಿನಲ್ಲಿ ಮಾತ್ರ ಇರುವ ಗುಣವು ಸ್ನೇಹ. ಬೇಸಗೆಯಲ್ಲಿ ಬಿರುಕುಬಿಟ್ಟು ಪುಡಿಯಾಗಿರುವ ಎರೆಯು ಒಂದು ಮಳೆಗೆ ಮುದ್ದೆಯಾಗಿ ಕಾಲಿಗೆ ಮೆತ್ತುವದನ್ನು ಕಂಡ ನಮ್ಮ ಜನಕ್ಕೆ ಸ್ನೇಹದ ಈ ಲಕ್ಷಣವನ್ನು ವಿವರಿಸಬೇಕಾದ್ದಿಲ್ಲ. ಗಾಲಿ ನೆಲವನ್ನು ಹಿಡಿಯಬೇಕಾದರೆ ಈ ಎರಡು ಗುಣಗಳ ನಡುವೆ ಒಂದು ಜಗ್ಗಾಟವೇ ನಡೆಯುವದು. ಗುರುತ್ವವು ಗಾಲಿಯನ್ನು ನೆಲಕ್ಕೆ ಒತ್ತುವದು. ನೀರು ಕೂಡಿದ ಮಣ್ಣು ಆ ಒತ್ತಿನ ನಡುವೆ ನುಸುಳಿ ಜಾರಿಸುವದು. ಫ್ರಾನ್ಸ್ ದೇಶದ ಆಮೊಂತೊಂ ಎಂಬ ಪಂಡಿತನು ೧೬೯೯ರಲ್ಲಿ ತಿಳಿಸಿದ ನಿಯಮವು ಇಲ್ಲಿಗೆ ಬೇಕಾದಷ್ಟೇ ಸರಳವಾಗಿದೆ: ಎರಡು ವಸ್ತುಗಳ ನಡುವಿನ ತಿಕ್ಕಾಟದ ಹಿಡಿತವು, ಒಂದು ಇನ್ನೊಂದನ್ನು ಎಷ್ಟು ಭಾರದಿಂದ ಒತ್ತುವದೋ ಆ ಪ್ರಮಾಣದಲ್ಲಿ ಬೆಳೆಯುವದು. ಒತ್ತು ಇಮ್ಮಡಿಯಾದರೆ ಹಿಡಿತವೂ ಇಮ್ಮಡಿ.

ಈಗ ಪಿಕಪ್ ಗಾಡಿಯನ್ನು ನೋಡಿರಿ. ಇಂಜಿನು, ಚಾಲಕ, ಅವನ ಕೋಣೆ ಎಲ್ಲವೂ ಮುಂದೆ. ಹಿಂದೆ ಬರಿಯ ತಗಡಿನ ಹಾಸು. ಆದರೆ ನಮ್ಮ ಕಡೆ ಓಡಾಡುವ ಇಂಥ ಗಾಡಿಗಳಲ್ಲಿ ಸಾಮಾನ್ಯವಾಗಿ ಇಂಜಿನಿನ ಬಲವು ಹೋಗಿ ಮುಟ್ಟುವದು ಹಿಂದಿನ ಗಾಲಿಗಳಿಗೆ. ದುಡಿಯಬೇಕಾದವರು ಹಿಂದೆ, ಭಾರವೆಲ್ಲ ಮುಂದೆ. ಲೆಕ್ಕಕ್ಕಾಗಿ, ಬರಿದಾದ ಗಾಡಿಯ ತೂಕ ೧೬೦೦ ಕಿಲೋ ಎಂದೂ, ಅದರಲ್ಲಿ ಮುಂದಿನ ಗಾಲಿಗಳ ಮೇಲೆ ೧೦೦೦, ಹಿಂದಿನವುಗಳ ಮೇಲೆ ೬೦೦ ಬೀಳುವದೆಂದೂ ಇಟ್ಟುಕೊಳ್ಳೋಣ. ರಾಡಿಯ ಮೇಲೆ ಭಾರದ ಐದನೆಯ ಒಂದು ಪಾಲಿನಷ್ಟು ಹಿಡಿತ ಮಾತ್ರ ದೊರೆಯುವದಾದರೆ ಗಾಡಿಯನ್ನು ಮುಂದಕ್ಕೆ ನೂಕುವ ಬಲ ೧೨೦ ಕಿಲೋ ಆಯಿತು. ಹಿಂದಿನ ಅಚ್ಚಿನ ಮೇಲೆ ೧೫೦ ಕಿಲೋ ಭಾರವನ್ನು ಇಟ್ಟೆವೆಂದರೆ ಅಲ್ಲಿ ಬೀಳುವ ಒತ್ತು ೭೫೦, ನೂಕುವ ಬಲ ೧೫೦. ಗಾಡಿಯ ಒಟ್ಟು ತೂಕ ಹತ್ತನೆಯ ಒಂದು ಪಾಲೂ ಹೆಚ್ಚಲಿಲ್ಲ. ಹಿಡಿತ ಮಾತ್ರ ಕಾಲುಪಾಲು ಹೆಚ್ಚಿತು. ಹೇರು ಹೊತ್ತ ಗಾಡಿ ದಾಟಿದಲ್ಲಿ ಬರಿಯ ಗಾಡಿ ಸಿಕ್ಕಿಕೊಳ್ಳುವ ರಹಸ್ಯವೆಲ್ಲ ಈ ಲೆಕ್ಕದಲ್ಲಿದೆ.

ಈ ಲೆಕ್ಕವನ್ನು ಕಣ್ಣಾರೆ ಕಾಣಬೇಕೆನ್ನುವವರು ವಾಡಿಯ ಜಂಕ್ಷನ್ನಿಗೆ ಹೋಗಿ ಒಂದು ಗಳಿಗೆ ನಿಲ್ಲಬಹುದು. ಮುಂಬಯಿಯಿಂದ ಬಂದ ಹಳಿ ವಾಡಿಯ ಮೇಲೆ ಹಾಯ್ದು ೧೮೭೧ರಲ್ಲಿ ರಾಯಚೂರಿನಲ್ಲಿ ಮದರಾಸಿನ ಹಳಿಯನ್ನು ಕೂಡಿತು; ೧೮೭೪ರಲ್ಲಿ ನಿಜಾಮರ ರೇಲ್ವೆ ವಾಡಿಯಿಂದ ಸಿಕಂದರಾಬಾದಿಗೆ ತೆರೆಯಿತು. ಅಂದಿನಿಂದ ಇಂದಿನವರೆಗೆ ಅಲ್ಲಿ ಹಾಯುವ ಪ್ರತಿಯೊಂದು ಇಂಜಿನೂ ಜಾರಿಕೆಯೊಡನೆ ಹೋರಾಡುತ್ತಲೇ ಇದೆ. ಉಗಿಬಂಡಿಯ ಆರಂಭದ ದಿನಗಳಲ್ಲಿ, ನುಣುಪಾದ ಕಬ್ಬಿಣದ ಗಾಲಿ ನುಣುಪಾದ ಹಳಿಯ ಮೇಲೆ ಜಾರಿಯೇ ಜಾರುವದೆಂದು ಹೆದರಿ, ಇಂಗ್ಲಂಡದ ಲೀಡ್ಸ್ ಪಟ್ಟಣದ ಹತ್ತಿರ ಬ್ಲೆಂಕಿನ್ಸಾಪ್ ಎಂಬವನು ೧೮೧೨ರಲ್ಲಿ ಹಲ್ಲುಗಳುಳ್ಳ ಹಳಿಯನ್ನೇ ಹಾಕಿಸಿದನು. ಅದೇ ಕಾಲಕ್ಕೆ ವೈಲಂ ಗಣಿಯ ವಿಲಿಯಂ ಹೆಡ್ಲಿ ಎಂಬವನು ಒಂದು ಬಂಡಿಯ ಮೇಲೆ ಭಾರವನ್ನು ಹೇರಿ, ಅದರ ಗಾಲಿಗಳನ್ನು ಆಳುಗಳಿಂದ ತಿರುಗಿಸಿ, ಎಷ್ಟು ಭಾರಕ್ಕೆ ಎಷ್ಟು ಎಳೆತ ಸಾಧ್ಯವೆಂದು ಪರೀಕ್ಷಿಸಿ, ಹಲ್ಲು ಬೇಕಾಗಿಲ್ಲ, ತಕ್ಕ ಭಾರವಿದ್ದರೆ ಸಾಕು ಎಂದು ಸಿದ್ಧಪಡಿಸಿದನು. ಇಂದಿನ ಮಾತನ್ನೇ ಹೇಳುವದಾದರೆ, ನಮ್ಮ ರೇಲ್ವೆಯ ಡಬ್ಲ್ಯೂ ಎ ಜಿ ೯ ಎಂಬ ವಿದ್ಯುತ್ತಿನ ಸರಕು ಇಂಜಿನಿನ ತೂಕ ಮೊದಲು ೧೨೩ ಟನ್ ಇದ್ದಿತು. ಇನ್ನೂ ಹೆಚ್ಚಿನ ಸರಕನ್ನು ಎಳೆಯಿಸಬೇಕೆಂದಾಗ ಅದಕ್ಕೆ ಒಂಬತ್ತು ಟನ್ ಭಾರವನ್ನು ಕೂಡಿಸಿ ೧೩೨ ಟನ್ ಮಾಡಿದರು. ಇದಲ್ಲದೆ ಇಂಜಿನುಗಳಲ್ಲಿ ಉಸುಕಿನ ಪೆಟ್ಟಿಗೆಗಳಿರುತ್ತವೆ; ಹಳಿ ಒದ್ದೆಯಾಗಿ ಗಾಲಿ ಜಾರತೊಡಗಿದರೆ ಚಾಲಕನು ಗಾಲಿಯ ಮುಂದೆ ಉಸುಕನ್ನು ಬಿಡುವನು. ಭಾರ ಮತ್ತು ಉಸುಕು: ರೇಲ್ವೆಯ ಈ ಎರಡು ಉಪಾಯಗಳೂ ಒಂದು ಉಸುಕಿನ ಚೀಲದಲ್ಲಿ ಕೂಡಿರುವದನ್ನು ವಾಚಕರು ಗಮನಿಸಬೇಕು. ಗಾಡಿಯ ಮೇಲಿರುವವರೆಗೆ ಅದು ಭಾರ. ಸಿಕ್ಕಿಕೊಂಡಲ್ಲಿ ಬಾಯಿ ಬಿಚ್ಚಿ ಗಾಲಿಯ ಮುಂದೆ ಸುರುವಿದರೆ ಅದೇ ಹಿಡಿತ.

ಇಷ್ಟು ದೂರ ಹೋಗಬೇಕಾದದ್ದೂ ಇಲ್ಲ. ಕುಂಟೆ ಹೊಡೆಯುವಾಗ ಕುಡ ನೆಲಕ್ಕೆ ಹತ್ತದಿದ್ದರೆ ನಮ್ಮ ಹಿರಿಯರು ದಿಂಡಿನ ಮೇಲೆ ಕಲ್ಲನ್ನಿಡುತ್ತಿದ್ದರು, ಇಲ್ಲವೆ ತಾವೇ ಕಾಲೂರಿ ನಿಲ್ಲುತ್ತಿದ್ದರು. ಚಕ್ಕಡಿಯಲ್ಲಿ ಚೀಲಗಳನ್ನು ಹೇರುವಾಗ ಅವರ ಎಚ್ಚರವನ್ನು ಕೇಳಬೇಕೆ? ಮುಂಭಾರವಾದರೆ ನೊಗವು ಎತ್ತುಗಳ ಹೆಗಲನ್ನು ಕುಸಿಯಿಸುವದು. ಹಿಂಭಾರವಾದರೆ ನೊಗ ಮೇಲಕ್ಕೆದ್ದು ಕೊರಳಿಗೆ ಕಟ್ಟಿದ ಪಟ್ಟಿ ಎತ್ತಿನ ಗಂಟಲನ್ನು ಹಿಸುಕುವದು. ಭಾರವನ್ನು ಅಚ್ಚಿಗೆ ಸರಿಯಾಗಿ ಕೂಡಿಸಿದ ಮೇಲೆಯೇ ಅವರು ಬಾರುಕೋಲನ್ನು ಕೈಗೆ ತೆಗೆದುಕೊಳ್ಳುತ್ತಿದ್ದರು. ಮೋಟಾರಿಗೆ ಗಂಟಲಿಲ್ಲವಾದುದರಿಂದ ಅದು ಕೆಮ್ಮುವದಿಲ್ಲ; ಆದರೆ ಚಕ್ಕಡಿಯ ನ್ಯಾಯ ಅದಕ್ಕೂ ತಪ್ಪಿದ್ದಲ್ಲ.

ಹೇಗೆಂದರೆ, ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ಮೂರು ಮೀಟರ್ ಅಂತರವಿರುವ ಗಾಡಿಯಲ್ಲಿ ೧೫೦ ಕಿಲೋ ಭಾರವನ್ನು ಸರಿಯಾಗಿ ಹಿಂದಿನ ಅಚ್ಚಿನ ಮೇಲೆ ಇಟ್ಟರೆ ಅದೆಲ್ಲವೂ ಹಿಂದಿನ ಗಾಲಿಗಳಿಗೇ ಸೇರುವದು. ಅದೇ ಭಾರವನ್ನು ಅಚ್ಚಿನಿಂದ ಒಂದು ಮೀಟರ್ ಹಿಂದಕ್ಕೆ, ಹಿಂಬಾಗಿಲಿನ ಹತ್ತಿರ ಇಟ್ಟರೆ, ಹಿಂದಿನ ಗಾಲಿಗಳ ಮೇಲೆ ೨೦೦ ಕಿಲೋ ಬಿದ್ದು ಮುಂದಿನ ಗಾಲಿಗಳಿಂದ ೫೦ ಕಿಲೋ ಎದ್ದುಹೋಗುವದು. ನೂಕುವ ಬಲವೇನೋ ಹೆಚ್ಚಿತು. ಆದರೆ ದಾರಿ ತೋರಿಸುವ ಮುಂದಿನ ಗಾಲಿಗಳು ಹಗುರಾದವು. ಜಾರುವ ತಿರುವಿನಲ್ಲಿ ಚಾಲಕನು ಚಕ್ರವನ್ನು ತಿರುವಿದರೂ ಗಾಡಿ ನೆಟ್ಟಗೆ ಹೋಗಿ ಕಾಲುವೆಗೆ ಇಳಿಯುವದು ಇಂಥ ಸಮಯದಲ್ಲಿಯೇ. ಆದುದರಿಂದ ಭಾರವನ್ನು ಹಿಂದಿನ ಅಚ್ಚಿನ ಮೇಲೆ, ಇಲ್ಲವೆ ಅದಕ್ಕಿಂತ ಗೇಣಷ್ಟು ಮುಂದಕ್ಕೆ ಇಡತಕ್ಕದ್ದು. ಅಚ್ಚಿನ ಹಿಂದೆ ಇಡತಕ್ಕದ್ದಲ್ಲ. ಪೇಟೆಯ ಚಿಕ್ಕ ಕಾರುಗಳಲ್ಲಿ ಬಹಳಷ್ಟಕ್ಕೆ ಇಂಜಿನಿನ ಬಲ ಮುಂದಿನ ಗಾಲಿಗಳಿಗೆ ಹೋಗುವದು. ಅವುಗಳ ಹಿಂದಿನ ಡಬ್ಬಿಯಲ್ಲಿ ಭಾರ ತುಂಬಿದರೆ ಉಪಕಾರಕ್ಕೆ ಬದಲು ಅಪಕಾರವಾಗುವದೆಂಬುದನ್ನೂ ಇಲ್ಲಿಯೇ ಹೇಳಿಬಿಡುವೆವು.

ಇನ್ನು ನೆಲದ ವಿಚಾರ. ಹಿಮದೇಶದವರ ಉಪಾಯವನ್ನು ನಾವು ಕಣ್ಣುಮುಚ್ಚಿ ತರಲಾಗದಿರುವದು ಇಲ್ಲಿಯೇ. ಭಾರವು ಗಾಲಿಯನ್ನು ಕೆಳಕ್ಕೆ ಒತ್ತುವದು. ಕೆಳಗೆ ಗಟ್ಟಿಯಾದದ್ದೇನಾದರೂ ಇದ್ದರೆ ಮಾತ್ರ ಆ ಒತ್ತು ಹಿಡಿತವಾಗುವದು. ಶಹಾಬಾದ, ವಾಡಿ, ಸೇಡಂ ಸುತ್ತಿನಲ್ಲಿ ಭೂಮಿಯೊಳಗೆ ಪದರು ಪದರಾಗಿ ಹಾಸಿಟ್ಟಂತೆ ಸುಣ್ಣಕಲ್ಲು ಇದೆ. ಮನೆಮನೆಯ ನೆಲಕ್ಕೆ ಹಾಸುವ ಫರ್ಶಿಯೂ, ಸಿಮೆಂಟಿನ ಕಾರಖಾನೆಗಳ ಅನ್ನವೂ ಅದೇ ಕಲ್ಲು. ಎಲ್ಲಿ ಆ ಕಲ್ಲಿನ ಮೇಲೆ, ಇಲ್ಲವೆ ಗರಸು ಹಾಕಿ ಕುಟ್ಟಿದ ದಾರಿಯ ಮೇಲೆ, ನಾಲ್ಕು ಬೆರಳು ರಾಡಿ ಕೂತಿರುವದೋ ಅಲ್ಲಿ ಭಾರದ ಗಾಲಿ ರಾಡಿಯನ್ನು ಸೀಳಿ ಗಟ್ಟಿನೆಲವನ್ನು ಮುಟ್ಟಿ ಹಿಡಿಯುವದು. ಆದರೆ ಕಾಗಿಣಾ ಭೀಮಾ ನದಿಗಳ ದಂಡೆಯ ಆಳವಾದ ಎರೆಯ ಹೊಲಗಳಲ್ಲಿ ಹಾಗಲ್ಲ. ಅಲ್ಲಿಯ ಕರಿಮಣ್ಣು ನೀರು ಕುಡಿದು ಉಬ್ಬಿ, ಮೊಳದಾಳದವರೆಗೂ ಹಿಟ್ಟಿನ ಕಣಕದಂತಾಗಿರುವದು. ಅಂಥ ನೆಲದಲ್ಲಿ ಹೊರೆ ಹೆಚ್ಚಿಸಿದಷ್ಟೂ ಗಾಲಿ ಹೂಳುವದು. ಇದಲ್ಲದೆ ಎರೆಯು ಟಾಯರಿನ ಗೀರುಗಳೊಳಗೆಲ್ಲ ತುಂಬಿಕೊಂಡು ಅದನ್ನು ನುಣ್ಣನೆಯ ಉರುಳಿಯಾಗಿ ಮಾಡುವದು. ಅಲ್ಲಿ ಭಾರವಲ್ಲ, ತಾಳ್ಮೆಯೇ ಮದ್ದು: ಎರಡು ಬಿಸಿಲು ಬೀಳುವವರೆಗೆ ಗಾಡಿಯನ್ನು ಇಳಿಸದಿರುವದೇ ಲೇಸು. ಇಳಿಸಲೇಬೇಕಾದರೆ ಗಾಲಿಯ ಮುಂದೆ ತೊಗರಿಕಟ್ಟಿಗೆಯನ್ನೋ ಹಳೆಯ ಗೋಣಿತಟ್ಟನ್ನೋ ಹಾಸಿ, ಇಂಜಿನನ್ನು ಅಬ್ಬರಿಸದೆ ಮೆಲ್ಲಗೆ ನಡೆಸಬೇಕು. ಸಿಕ್ಕ ಗಾಲಿಯನ್ನು ಸಿಟ್ಟಿನಿಂದ ತಿರುಗಿಸುವವನು ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುವನು. ಚಿಂಚೋಳಿಯ ಗುಡ್ಡಗಳ ಕೆಮ್ಮಣ್ಣಿನ ಏರುಗಳಲ್ಲಿ ಎರೆಯ ಅಂಟು ಇರದಿದ್ದರೂ ಮಳೆನೀರು ಕೊರೆದ ಕೊರಕಲುಗಳಿರುವವು. ಅಲ್ಲಿ ಅಚ್ಚಿನ ಮೇಲಿನ ಭಾರ ಒಳ್ಳೆಯ ಸಹಾಯವನ್ನೇ ಮಾಡುವದು.

ಯಾವ ಭಾರವನ್ನು ಇಡಬೇಕೆಂಬ ಪ್ರಶ್ನೆಗೆ ನಮ್ಮ ಕಡೆಯ ಜನರು ಕೈಗೆ ಹತ್ತಿದ ಉತ್ತರವನ್ನು ಕೊಟ್ಟುಕೊಳ್ಳುವರು: ಫರ್ಶಿ. ಎರಡಡಿ ಚೌಕದ, ಒಂದಂಗುಲ ದಪ್ಪದ ಶಹಾಬಾದ ಕಲ್ಲು ಸುಮಾರು ೨೫ ಕಿಲೋ ತೂಗುವದು. ಆರು ಕಲ್ಲಿಟ್ಟರೆ ಲೆಕ್ಕ ಮುಗಿಯಿತು. ಆದರೆ ಇದರಷ್ಟು ಅಪಾಯದ ಭಾರ ಇನ್ನೊಂದಿಲ್ಲವೆಂದು ನಾವು ಎಚ್ಚರಿಸುವೆವು. ಒದ್ದೆಯಾದ ತಗಡಿನ ಮೇಲೆ ನಯವಾದ ಕಲ್ಲು ಸಾಬೂನಿನಂತೆ ಜಾರುವದು. ಗಾಡಿ ಗಂಟೆಗೆ ೫೦ ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವಾಗ ಎದುರಿಗೆ ದನ ಅಡ್ಡಬಂದು ಚಾಲಕನು ಬ್ರೇಕನ್ನು ಒತ್ತಿದರೆ ಗಾಡಿ ನಿಲ್ಲುವದು, ಕಲ್ಲು ನಿಲ್ಲುವದಿಲ್ಲ. ಅದು ತನ್ನ ೫೦ರ ವೇಗದಲ್ಲಿಯೇ ಬಂದು ಚಾಲಕನ ಬೆನ್ನ ಹಿಂದಿನ ಗಾಜಿಗೆ ಹೊಡೆಯುವದು. ನೀರಿನ ಪೀಪಾಯಿಯೂ ಸಲ್ಲದು; ಅರ್ಧ ತುಂಬಿದ ನೀರು ತಿರುವಿನಲ್ಲಿ ಒಂದು ಬದಿಗೆ ನುಗ್ಗಿ ಗಾಡಿಯನ್ನು ಹೊರಳಿಸಲು ನೋಡುವದು. ಎಲ್ಲಕ್ಕೂ ಯೋಗ್ಯವಾದುದು ಉಸುಕು, ಗರಸು, ಇಲ್ಲವೆ ಕಲ್ಲು ಒಡೆಯುವಲ್ಲಿಯ ಪುಡಿ. ಸಿಮೆಂಟಿನ ಖಾಲಿ ಚೀಲವನ್ನು ಒಣ ಉಸುಕಿನಿಂದ ತುಂಬಿದರೆ ಸುಮಾರು ೫೦ ಕಿಲೋ ಆಗುವದು. ಅಂಥ ಮೂರು ಚೀಲಗಳು ಸಾಕು. ಚೀಲವು ತಗ್ಗಿಗೆ ತಗ್ಗಾಗಿ ಕೂಡ್ರುವದು, ಜಾರುವದು ಕಡಿಮೆ. ಆದರೂ ಅದನ್ನು ಬಿಡಿಯಾಗಿ ಬಿಡದೆ, ಹಗ್ಗದಿಂದ ಗಾಡಿಯ ಕೊಂಡಿಗಳಿಗೆ ಬಿಗಿಯಾಗಿ ಕಟ್ಟಿ, ಅದರ ಮುಂದೆ ಅಡ್ಡಲಾಗಿ ಒಂದು ಕಟ್ಟಿಗೆಯ ತುಂಡನ್ನು ಕೂಡಿಸಬೇಕು. ತುಂಬುಹೇರು ಹೊರುವ ದಿನ ಈ ಚೀಲಗಳನ್ನು ಇಳಿಸಬೇಕು. ಯಾಕೆಂದರೆ ಗಾಡಿಗೆ ಸರಕಾರವು ಒಪ್ಪಿದ ತೂಕದ ಮಿತಿಯಲ್ಲಿ ಅವೂ ಎಣಿಕೆಗೆ ಬರುವವು.

ಭಾರದಿಂದ ಆಗದ ಕೆಲಸವೂ ಒಂದುಂಟು. ಗಾಡಿಯನ್ನು ಹೊರಡಿಸುವದಕ್ಕೆ ಅದು ನೆರವಾಗುವದೇ ಹೊರತು, ನಿಲ್ಲಿಸುವ ದೂರವನ್ನು ಕಡಿಮೆ ಮಾಡುವದಿಲ್ಲ. ಹಿಡಿತ ಹೆಚ್ಚಿದಂತೆ ನಿಲ್ಲಿಸಬೇಕಾದ ಹೊರೆಯೂ ಹೆಚ್ಚುವದಷ್ಟೆ. ಟ್ರ್ಯಾಕ್ಟರುಗಳು ಹೊಲದಿಂದ ಎಳೆದು ತಂದ ಎರೆ ಡಾಂಬರಿನ ಮೇಲೆ ಬಿದ್ದು ನೆನೆದಿರುವಲ್ಲಿಯೂ, ಹಲವು ತಿಂಗಳುಗಳ ಎಣ್ಣೆಯ ಜಿಡ್ಡನ್ನು ಮೊದಲ ಮಳೆ ಮೇಲಕ್ಕೆಬ್ಬಿಸಿರುವಲ್ಲಿಯೂ, ಚೀಲ ಹೇರಿದ್ದೇವೆಂಬ ಧೈರ್ಯದಿಂದ ಓಡಿಸುವವನು ಮೋಸಹೋಗುವನು. ಸವೆದ ಟಾಯರಿಗೆ ಹೊಸ ಟಾಯರೇ ಉಪಾಯ, ವೇಗಕ್ಕೆ ನಿಧಾನವೇ ಉಪಾಯ. ಈ ಎರಡರ ಸ್ಥಾನವನ್ನು ಉಸುಕು ತುಂಬಲಾರದು.

ಈಗ ನಾವು ಮೊದಲು ಹೇಳಿದ, ಪ್ರಾಣಕ್ಕೆ ಸಂಬಂಧಿಸಿದ ಸಂಗತಿಗೆ ಬರುವೆವು. ನಮ್ಮ ದಾರಿಗಳಲ್ಲಿ ಬರಿಯ ಗಾಡಿ ಸಿಕ್ಕಿಕೊಂಡಾಗ ಕೇಳಿಬರುವ ಮಾತು ಒಂದೇ: ‘ಏ, ನಾಕು ಮಂದಿ ಹಿಂದ ಹತ್ತಿ ನಿಂದರ್ರಿ, ಗಾಲಿ ಹಿಡೀತದ.’ ಕಳೆ ತೆಗೆಯಲು, ತೊಗರಿ ಕೊಯ್ಯಲು ಅದೇ ಗಾಡಿಯಲ್ಲಿ ಹೊರಟ ಕೂಲಿಯ ಹೆಣ್ಣುಮಕ್ಕಳೋ, ಶಾಲೆ ಬಿಟ್ಟು ಬರುತ್ತಿರುವ ಹುಡುಗರೋ ಹಿಂಬಾಗಿಲಿನ ಹಲಗೆಯ ಮೇಲೆ ಹತ್ತುವರು. ನಾಲ್ವರ ತೂಕ ೨೦೦ ಕಿಲೋ ಆಯಿತು. ಲೆಕ್ಕ ಸರಿಯೇ, ಗಾಲಿಯೂ ಹಿಡಿಯುವದು. ಆದರೆ ಹೇಗೆ ಹಿಡಿಯುವದು? ಜಾರುತ್ತ ಭರದಿಂದ ತಿರುಗುತ್ತಿದ್ದ ಗಾಲಿ ಗಟ್ಟಿನೆಲವನ್ನು ಮುಟ್ಟಿದ ಕ್ಷಣವೇ ಗಾಡಿ ಬಾಣದಂತೆ ಮುಂದಕ್ಕೆ ನೆಗೆಯುವದು. ಕಟ್ಟಿದ ಚೀಲ ಕಟ್ಟಿದಲ್ಲಿಯೇ ಇರುವದು. ನಿಂತ ಮನುಷ್ಯನು ಹಿಂದಕ್ಕೆ ಬೀಳುವನು. ಬಿದ್ದದ್ದು ರಾಡಿಗೆ ಆದರೆ ಪುಣ್ಯ. ಕಲ್ಲಿಗೆ ತಲೆ ಹೊಡೆದರೆ, ಇಲ್ಲವೆ ಅಂಜಿದ ಚಾಲಕನು ಗಾಡಿಯನ್ನು ಹಿಂದಕ್ಕೆ ಬಿಟ್ಟರೆ, ಆ ಮನೆಯ ದೀಪ ಆರಿದಂತೆಯೇ. ಮೇಲೆ ಹತ್ತಿದವರು ಬಿದ್ದಾರೆಂಬ ಅಂಜಿಕೆ ಒಂದಾದರೆ, ಹಿಂದೆ ನಿಂತು ನೂಕುವವರ ಮುಖಕ್ಕೆ ಗಾಲಿ ಎಸೆಯುವ ಕಲ್ಲಿನ ಅಂಜಿಕೆ ಇನ್ನೊಂದು.

ಸರಕಿನ ಗಾಡಿಯಲ್ಲಿ ಜನರನ್ನು ಹೇರಿ ಸಾಗಿಸುವದನ್ನು ಕಾನೂನು ಒಪ್ಪುವದಿಲ್ಲವೆಂಬುದು ಎಲ್ಲರಿಗೂ ಗೊತ್ತು. ಬಸ್ಸು ಬಾರದ ಹಳ್ಳಿಗಳಲ್ಲಿ ಕೂಲಿಗೆ ಹೋಗುವವರಿಗೆ ಬೇರೆ ದಾರಿ ಇಲ್ಲವೆಂಬುದೂ ಗೊತ್ತು. ಆ ದೊಡ್ಡ ಪ್ರಶ್ನೆ ಈ ಪುಟದಲ್ಲಿ ಬಗೆಹರಿಯುವಂಥದಲ್ಲ. ಆದರೆ ಒಂದು ಮಾತನ್ನು ಪ್ರತಿಯೊಂದು ಮನೆಯವರೂ ಇಂದೇ ಬಗೆಹರಿಸಬಲ್ಲರು. ಗುರುತ್ವವು ಕಲ್ಲಿಗೂ ಒಂದೇ, ಉಸುಕಿಗೂ ಒಂದೇ, ಮನುಷ್ಯನಿಗೂ ಒಂದೇ ಎಂದು ಶಾಸ್ತ್ರ ಹೇಳಬಹುದು. ತಕ್ಕಡಿಯೂ ಅದನ್ನೇ ಹೇಳುವದು. ಗೃಹಸ್ಥನು ಮಾತ್ರ ಹಾಗೆ ಎಣಿಸತಕ್ಕದ್ದಲ್ಲ. ಉಸುಕು ಮಾಡಬಹುದಾದ ಕೆಲಸಕ್ಕೆ ಒಬ್ಬ ತಾಯಿಯನ್ನು, ಒಬ್ಬ ಹುಡುಗನನ್ನು ನಿಲ್ಲಿಸುವದು ಎಂಥ ಲೆಕ್ಕದಲ್ಲಿಯೂ ಉಳಿತಾಯವಾಗಲಾರದು. ಗಾಡಿ ಸಿಕ್ಕಿಕೊಂಡಾಗ ಮೇಲಿದ್ದವರನ್ನೆಲ್ಲ ಕೆಳಗಿಳಿಸಿ ದಾರಿಯ ಬದಿಗೆ ನಿಲ್ಲಿಸಿ, ಆ ಮೇಲೆ ಗಾಲಿಯ ಗೊಡವೆಗೆ ಹೋಗತಕ್ಕದ್ದು.

ಆದುದರಿಂದ ನಮ್ಮ ಅರಿಕೆ ಇಷ್ಟೇ. ಕಾರಹುಣ್ಣಿಮೆಗೆ ಎತ್ತುಗಳ ಮೈ ತೊಳೆದು ಕೋಡಿಗೆ ಬಣ್ಣ ಹಚ್ಚುವ ಪದ್ಧತಿ ನಮ್ಮಲ್ಲಿ ನಡೆದುಬಂದಿದೆ. ಗಾಡಿಯುಳ್ಳ ಮನೆಯವರು ಆ ಹುಣ್ಣಿಮೆಯೊಳಗಾಗಿ ಮೂರು ಗಟ್ಟಿಯಾದ ಚೀಲಗಳನ್ನು ಆರಿಸಿ, ಒಣ ಉಸುಕು ತುಂಬಿ, ಬಾಯನ್ನು ಎರಡೆಳೆ ಸುತಳಿಯಿಂದ ಹೊಲಿದು, ಹಿಂದಿನ ಅಚ್ಚಿನ ಮೇಲೆ ಕಟ್ಟಿ ಇಡಲಿ. ಅವುಗಳ ಜತೆಗೆ ಒಂದು ಸಲಿಕೆಯನ್ನೂ ಎರಡು ಗೋಣಿತಟ್ಟುಗಳನ್ನೂ ಇಡಲಿ. ಟಾಯರಿನ ಗೀರುಗಳನ್ನು ಒಮ್ಮೆ ಕೈಯಾಡಿಸಿ ನೋಡಲಿ. ಚಾಲಕನಾದ ಮಗನಿಗೋ ಆಳಿಗೋ ಮನೆಯ ಹಿರಿಯರು, ಹಿಂದೆ ಯಾರನ್ನೂ ಭಾರಕ್ಕೆಂದು ಹತ್ತಿಸಬೇಡವೆಂದು ಬಾಯಿಬಿಟ್ಟು ಹೇಳಲಿ. ಉಸುಕಿಗೆ ಹೆಚ್ಚು ಬೆಲೆಯಿಲ್ಲ. ಚೀಲಕ್ಕೆ ಇನ್ನೂ ಕಡಿಮೆ. ಮಳೆಗಾಲ ಮುಗಿದು ಹಿಂಗಾರಿನ ಜೋಳ ಮೊಳೆತ ಮೇಲೆ ಅದೇ ಉಸುಕು ಮನೆಯ ಗೋಡೆಯ ಗಿಲಾವಿಗೆ ಉಪಯೋಗಕ್ಕೆ ಬರುವದು.